ಗಾಳದ ಕೋಲು ಮತ್ತು ರಾಟೆ: ಹೆಚ್ಚಿನ ಬೆಲೆಯವು ಅವಶ್ಯವೇ?

ಕೆರೆ ನಾಲೆಗಳ ಸಮೀಪದಲ್ಲಿರುವ ರೈತರನೇಕರು ಬಿಡುವಿನ ವೇಳೆಯಲ್ಲಿ ಗಾಳ ಹಾಕುವುದುಂಟು. ಪೂರ್ವದಲ್ಲಿ ಇದಕ್ಕೆ ಒಂದು ಬಿದಿರುಕೋಲು, ಎರಡು ಮಾರು ದಾರ, ಒಂದು ಗಾಳ, ನಾಲ್ಕು ಎರೆಹುಳುಗಳು ಸಾಕಾಗಿದ್ದುವು. ಈಗಲಾದರೋ ಕೆಲವು ನೂರು ರೂಪಾಯಿಗಳಿಂದ ಹತ್ತಾರು ಸಾವಿರ ರೂಪಾಯಿಗಳವರೆಗಿನ ಕೋಲುಗಳೂ, ರೀಲ್ ಎಂದು ಕರೆಯುವ ದಾರದ ರಾಟೆಗಳೂ ಪೇಟೆಯಲ್ಲಿ ದೊರೆಯುತ್ತವೆ. ಬೆಲೆ ಹೆಚ್ಚಿದಂತೆ ಮೀನೂ ಹೆಚ್ಚುವುದೇ ಎಂದು ಸರ್ಕೀಟಿನಲ್ಲಿ ಹಲವರು ಕೇಳಿರುವುದರಿಂದ ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ರೈತರೊಬ್ಬರು ರೇಷ್ಮೆಗೂಡು ಮಾರಿದ ಹಣದಲ್ಲಿ ಬಹು ಬೆಲೆಯ ಕೋಲನ್ನು ಕೊಂಡು, ಅದಕ್ಕೆ ಅಗ್ಗದ ತೆಳುವಾದ ಗಾಳವನ್ನು ಕಟ್ಟಿದ್ದರು. ದೊಡ್ಡ ಕಾಟ್ಲಾ ಮೀನು ಕಚ್ಚಿ ಎಳೆದೊಡನೆ ಗಾಳವು ಬಿಚ್ಚಿ ನೆಟ್ಟಗಾಯಿತು, ಮೀನು ಹೋಯಿತು. ಕೋಲು ಮಾತ್ರ ಕೈಯಲ್ಲಿ ಉಳಿಯಿತು. ಏತದ ಹಗ್ಗ ಹಳೆಯದಾಗಿದ್ದರೆ ಹೊಸ ಬಾನಿಯಿಂದ ಪ್ರಯೋಜನವೇನು? ಹಾಗೆಯೇ ಇಲ್ಲಿಯೂ ದುರ್ಬಲವಾದ ಭಾಗದ ಬಲವೇ ಒಟ್ಟು ಬಲವು.

1. ಗಾಳ ಮತ್ತು ದಾರ. ಹಣವನ್ನು ಮೊದಲು ಹಾಕತಕ್ಕದ್ದು ಇಲ್ಲಿಯೇ. ಗಾಳದ ಮೊನೆಯು ಉಗುರಿನ ಮೇಲೆ ಜಾರದೆ ನಿಲ್ಲುವಷ್ಟು ಹರಿತವಾಗಿರಬೇಕು. ಗಂಟು ಹಾಕಿದ ಕಡೆ ದಾರದ ಬಲ ಕುಗ್ಗುವುದು. ಆದುದರಿಂದ ನೈಲಾನ್ ದಾರದ ಗಂಟನ್ನು ನೀರಿನಿಂದ ಒದ್ದೆಮಾಡಿ ಮೆಲ್ಲಗೆ ಬಿಗಿಯಬೇಕು. ಬಿಸಿಲಿನಲ್ಲಿ ಬಹುಕಾಲ ಬಿದ್ದ ದಾರವನ್ನೂ ಉಜ್ಜಿ ಒರಟಾದ ದಾರವನ್ನೂ ಬಿಸುಡತಕ್ಕದ್ದು. ಆದರೆ ಅದನ್ನು ದಡದಲ್ಲಿ ಎಸೆಯಬಾರದು; ಹಕ್ಕಿಗಳ ಮತ್ತು ದನಗಳ ಕಾಲಿಗೆ ಸುತ್ತಿಕೊಳ್ಳುವುದು.

2. ರಾಟೆ. ಮೀನು ಜೋರಾಗಿ ಎಳೆದಾಗ ದಾರವನ್ನು ತಡೆತಡೆದು ಬಿಡುವ ಬಿರಿಯೇ ರಾಟೆಯ ಜೀವಾಳ. ಅದನ್ನು ದಾರವು ತಾಳುವ ಭಾರದ ಕಾಲುಭಾಗದಿಂದ ಮೂರನೆಯ ಒಂದು ಭಾಗದವರೆಗೆ ಬಿಗಿಮಾಡುವುದು ವಾಡಿಕೆ. ಅಂಗಡಿಯಲ್ಲಿ ದಾರವನ್ನು ಕೈಯಿಂದ ಎಳೆದು ನೋಡಿರಿ. ಜಗ್ಗದೆ, ಒಂದೇ ಸಮನಾಗಿ ಬಿಟ್ಟುಕೊಟ್ಟರೆ ಒಳ್ಳೆಯದು. ಒಳಗೆ ಎಷ್ಟು ಬೇರಿಂಗುಗಳಿವೆಯೆಂಬ ಲೆಕ್ಕಕ್ಕೆ ಮರುಳಾಗಬೇಕಾದುದಿಲ್ಲ. ಸಮುದ್ರತೀರದವರಿಗೆ ಮಾತ್ರ ಉಪ್ಪುನೀರು ಒಳಹೋಗದಂತೆ ಮುಚ್ಚಿದ ರಾಟೆಗೆ ಹೆಚ್ಚು ಹಣ ಕೊಡುವುದು ಯುಕ್ತ.

3. ಕೋಲು. ಕೋಲು ಬಾಗಿ ಮೀನಿನ ಎಳೆತದ ಪೆಟ್ಟನ್ನು ತಡೆಯುವುದು. ಗಾಜಿನ ನಾರಿನ ಕೋಲು ತುಸು ಭಾರ, ಆದರೆ ಗಟ್ಟಿಮುಟ್ಟು, ಬೆಲೆಯೂ ಕಡಮೆ. ಇಂಗಾಲದ ನಾರಿನ ಕೋಲುಗಳು 1970ರ ದಶಕದಲ್ಲಿ ಬಳಕೆಗೆ ಬಂದುವು. ಇವು ಹಗುರ, ಬಿರುಸು. ಆದರೆ ಕಲ್ಲಿಗೆ ತಾಗಿ ಗಾಯವಾದರೆ ಮುಂದೊಮ್ಮೆ ಥಟ್ಟನೆ ಮುರಿಯುವುವು. ದಿನವಿಡೀ ಕೃತಕ ಎರೆಯನ್ನು ಬೀಸಿ ಎಸೆಯುವವನ ತೋಳಿಗೆ ಹಗುರತನವು ಲಾಭ. ಬೆಂಡು ತೇಲಿಸಿ ಮರದ ನೆರಳಿನಲ್ಲಿ ಕುಳಿತಿರುವವನಿಗೆ ಅದರಿಂದ ವಿಶೇಷ ಪ್ರಯೋಜನವಿಲ್ಲ. 1946ರಲ್ಲಿ ಮೈಸೂರಿನ ಡಿ ವೆಟ್ ವಾನ್ ಇಂಗೆನ್ ಅವರು ಕಬಿನಿ ನದಿಯಲ್ಲಿ 120 ಪೌಂಡು, ಎಂದರೆ ಸುಮಾರು 54 ಕಿಲೋ ತೂಕದ ಬಿಳಿಮೀನನ್ನು ಗಾಳದಿಂದ ಹಿಡಿದಾಗ ಇಂಗಾಲದ ಕೋಲು ಇನ್ನೂ ಹುಟ್ಟಿರಲಿಲ್ಲ. ಕಾವೇರಿ ಸೀಮೆಯಲ್ಲಿ ಆ ಮೀನಿಗೆ ಒಡ್ಡುತ್ತಿದ್ದ ಎರೆಯೂ ಬೇಯಿಸಿದ ರಾಗಿಹಿಟ್ಟಿನ ಉಂಡೆಯೇ. ಈಗಲಾದರೋ ಕಾವೇರಿಯ ಡುಬ್ಬದ ಬಿಳಿಮೀನು ಅಳಿವಿನ ಅಂಚಿನಲ್ಲಿದೆ. ಅದನ್ನು ಹಿಡಿಯುವ ಆಸೆಯನ್ನು ಬಿಡತಕ್ಕದ್ದು.

4. ಮುಖ್ಯ ಎಚ್ಚರಿಕೆ. ಇಂಗಾಲದ ಕೋಲಿನಲ್ಲಿ ವಿದ್ಯುಚ್ಛಕ್ತಿಯು ಹರಿಯುವುದು. ಕೆರೆಯ ಏರಿಯ ಮೇಲೆ ಹಾದುಹೋಗುವ ವಿದ್ಯುತ್ ತಂತಿಯ ಕೆಳಗಾಗಲಿ ಸಮೀಪದಲ್ಲಾಗಲಿ ಅದನ್ನು ಎತ್ತಬಾರದು. ಸಿಡಿಲು ಮಳೆ ಬರುವ ಸೂಚನೆ ಕಂಡೊಡನೆ ಕೋಲನ್ನು ಕೆಳಗಿಟ್ಟು ದೂರ ಹೋಗತಕ್ಕದ್ದು. ಹಸಿಯಾದ ಬಿದಿರೂ ಇದಕ್ಕೆ ಹೊರತಲ್ಲ. ಮಕ್ಕಳಿಗೆ ಇದನ್ನು ಮೊದಲು ಹೇಳಿಕೊಡಿರಿ.

ಸಾರಾಂಶವೇನೆಂದರೆ, ಮೊದಲು ಒಳ್ಳೆಯ ಗಾಳ, ಹೊಸ ದಾರ; ಅನಂತರ ಬಿರಿ ಸರಿಯಾಗಿರುವ ಸಾಧಾರಣ ರಾಟೆ; ಕಡೆಗೆ ಕೋಲು. ಸಾಲಮಾಡಿ ಕೊಳ್ಳತಕ್ಕ ವಸ್ತು ಇವುಗಳಲ್ಲಿ ಒಂದೂ ಇಲ್ಲ. ಕೆರೆಯನ್ನು ಗುತ್ತಿಗೆಗೆ ಕೊಟ್ಟಿದ್ದರೆ ಗುತ್ತಿಗೆದಾರರ ಒಪ್ಪಿಗೆಯನ್ನು ಪಡೆದೇ ಗಾಳ ಹಾಕಬೇಕು. ಮೀನು ಯಾವ ಹೊತ್ತಿನಲ್ಲಿ ಎಲ್ಲಿ ಮೇಯುವುದೆಂಬುದನ್ನು ನಾಲ್ಕು ದಿನ ದಡದಲ್ಲಿ ಕುಳಿತು ನೋಡಿ ತಿಳಿದುಕೊಳ್ಳಿರಿ. ಆ ತಿಳಿವಳಿಕೆಗೆ ಕಾಸಿನ ಖರ್ಚಿಲ್ಲ. ಅದನ್ನು ಯಾವ ಅಂಗಡಿಯಲ್ಲಿಯೂ ಮಾರುವುದಿಲ್ಲ.