ಗಾಜಿನ ಬುರುಡೆಯೊಳಗಿನ ಹಳದಿ ಕಡ್ಡಿಗಳು

ಮಣಿಪಾಲದ ಕೆಫೆಗಳಲ್ಲಿ, ಕಾಪು ಕಡಲತೀರದ ಹೋಮ್‌ಸ್ಟೇಗಳಲ್ಲಿ, ಉಡುಪಿಯಲ್ಲಿ ಹೊಸದಾಗಿ ಒಳಾಂಗಣ ಬದಲಿಸಿಕೊಂಡ ಹೋಟೆಲುಗಳಲ್ಲಿ ಈಗ ಒಂದೇ ಬಗೆಯ ಬಲ್ಬು ತೂಗುತ್ತಿರುತ್ತದೆ. ಪಾರದರ್ಶಕ ಗಾಜು, ಒಳಗೆ ನಾಲ್ಕೋ ಆರೋ ಹೊಳೆಯುವ ಎಳೆಗಳು, ಜೇನಿನ ಬಣ್ಣದ ಬೆಳಕು. ಕಾರ್ಕಳದ ಕಡೆ ಹೆಂಚಿನ ಮನೆ ರಿಪೇರಿ ಮಾಡಿಸುವವರೂ ಚಾವಡಿಗೆ ಇದೇ ಬೇಕೆನ್ನುತ್ತಾರೆ. ‘ಎಡಿಸನ್ ಬಲ್ಬು’ ಎಂದರೆ ಎಲೆಕ್ಟ್ರಿಕಲ್ ಅಂಗಡಿಯವರಿಗೆ ಅರ್ಥವಾಗುತ್ತದೆ. ಎಡಿಸನ್ನನಿಗೂ ಇದಕ್ಕೂ ಇರುವ ನಂಟು ಮಾತ್ರ ಗಾಜಿನ ಆಕಾರದಷ್ಟೇ.

ಸ್ವಿಚ್ ಆರಿಸಿ ಹತ್ತಿರದಿಂದ ನೋಡಿ. ಹಳೆಯ ಬಲ್ಬಿನಲ್ಲಿದ್ದ ಕೂದಲೆಳೆಯ ಟಂಗ್‌ಸ್ಟನ್ ತಂತಿ ಇಲ್ಲಿಲ್ಲ. ಅದರ ಜಾಗದಲ್ಲಿ ಬೆಂಕಿಕಡ್ಡಿಯ ದಪ್ಪದ, ಅರಿಶಿನ ಬಣ್ಣದ ಕಡ್ಡಿಗಳಿವೆ. ಒಂದೊಂದು ಕಡ್ಡಿಯೂ ಗಾಜಿನ ಅಥವಾ ನೀಲಮಣಿಯ ಸಣ್ಣ ಪಟ್ಟಿ. ಅದರ ಮೇಲೆ ಸಾಲಾಗಿ 25ರಿಂದ 30 ಪುಟ್ಟ ಎಲ್‌ಇಡಿ ಚಿಪ್ಪುಗಳನ್ನು ಕೂರಿಸಿ, ಒಂದರ ಬಾಲಕ್ಕೆ ಇನ್ನೊಂದರ ತಲೆ ಜೋಡಿಸಿರುತ್ತಾರೆ. ಈ ಚಿಪ್ಪುಗಳು ಹೊಮ್ಮಿಸುವುದು ನೀಲಿ ಬೆಳಕನ್ನು. ಮೇಲೆ ಬಳಿದ ಹಳದಿ ಫಾಸ್ಫರ್ ಲೇಪ ಆ ನೀಲಿಯ ಬಹುಪಾಲನ್ನು ನುಂಗಿ ಹಳದಿ, ಕೆಂಪು ಕಿರಣಗಳಾಗಿ ಹೊರಬಿಡುತ್ತದೆ. ಎಲ್ಲ ಬೆರೆತು ನಮ್ಮ ಕಣ್ಣಿಗೆ ಬೀಳುವುದು ಆ ಬೆಚ್ಚನೆಯ ಬಣ್ಣ. ನೀಲಿ ಎಲ್‌ಇಡಿಯನ್ನು ಸಾಧ್ಯವಾಗಿಸಿದ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ ಮತ್ತು ಶುಜಿ ನಕಾಮುರಾ 2014ರಲ್ಲಿ ನೊಬೆಲ್ ಪಡೆದರು. ಅದಕ್ಕೂ ಮೊದಲೇ, 2008ರಲ್ಲಿ, ಜಪಾನಿನ ಉಶಿಯೊ ಕಂಪನಿ ಇಂಥ ಕಡ್ಡಿ ಬಲ್ಬನ್ನು ರೂಪಿಸಿತ್ತು.

ಸರ್ಕಾರದ ಉಜಾಲಾ ಯೋಜನೆಯಲ್ಲಿ ಮನೆಮನೆಗೆ ಬಂದ ಬಿಳಿ ಎಲ್‌ಇಡಿ ಬಲ್ಬಿನಲ್ಲಿ ಚಿಪ್ಪುಗಳೆಲ್ಲ ಅಲ್ಯೂಮಿನಿಯಂ ತಟ್ಟೆಯ ಮೇಲೆ ಮಲಗಿರುತ್ತವೆ. ಬಿಸಿ ಆ ಲೋಹದ ಮೂಲಕ ಹೊರಗೆ ಹೋಗುತ್ತದೆ, ಬೆಳಕು ಮಾತ್ರ ಒಂದೇ ದಿಕ್ಕಿಗೆ. ಕಡ್ಡಿ ಬಲ್ಬಿನಲ್ಲಿ ಬೆಳಕು ಸುತ್ತಲೂ ಚೆಲ್ಲಬೇಕಾದ್ದರಿಂದ ಲೋಹಕ್ಕೆ ಜಾಗವಿಲ್ಲ. ಹಾಗಾದರೆ ಬಿಸಿ ಹೋಗುವುದೆಲ್ಲಿಗೆ? ಉತ್ತರ ಗಾಜಿನೊಳಗೆ ತುಂಬಿದ ಹೀಲಿಯಂ ಅನಿಲದಲ್ಲಿದೆ. ಗಾಳಿಗಿಂತ ಹೀಲಿಯಂ ಸುಮಾರು ಆರು ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಕಡ್ಡಿಯ ಬಿಸಿಯನ್ನು ಎತ್ತಿ ಗಾಜಿನ ಗೋಡೆಗೆ ಮುಟ್ಟಿಸುತ್ತದೆ, ಗಾಜು ಅದನ್ನು ಕೋಣೆಯ ಗಾಳಿಗೆ ಬಿಡುತ್ತದೆ. ಹಳೆಯ ಬಲ್ಬಿನ ಗಾಜಿಗೆ ಹೊರಗಿನ ಗಾಳಿಯನ್ನು ಒಳಗೆ ಬಿಡದಿರುವ ಕೆಲಸವಿತ್ತು. ಹೊಸದರ ಗಾಜಿಗೆ ಒಳಗಿನ ಹೀಲಿಯಂ ಹೊರಗೆ ಹೋಗದಂತೆ ಕಾಯುವ ಕೆಲಸ. ಅಂದಕ್ಕಾಗಿ ಇಟ್ಟದ್ದು ಎನಿಸುವ ಗಾಜು ಇಲ್ಲಿ ಯಂತ್ರದ ಮುಖ್ಯ ಭಾಗ. ಅದರಲ್ಲಿ ಸಣ್ಣ ಬಿರುಕು ಬಿಟ್ಟರೂ ಹೀಲಿಯಂ ಸೋರಿ ಹೋಗುತ್ತದೆ, ಕಡ್ಡಿಗಳು ಬೇಯುತ್ತಾ ಬೇಗ ಸಾಯುತ್ತವೆ.

ಈ ಚಂದಕ್ಕೆ ಜನ ಮರುಳಾಗುವುದರಲ್ಲಿ ತಪ್ಪೇನಿಲ್ಲ. ನಮ್ಮ ಕರಾವಳಿಯ ರಾತ್ರಿಗಳು ಚಿಮಣಿ ದೀಪ, ಲಾಟೀನು, ಯಕ್ಷಗಾನ ರಂಗಸ್ಥಳದ ಗ್ಯಾಸ್‌ಲೈಟ್ ನೋಡಿ ಬೆಳೆದವು. ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿಸಿದ್ದನ್ನು ಕಂಡವರಿಗೆ ಮರದ ಕಂಬದ ಮೇಲೆ ಬೀಳುವ ಬೆಳಕಿನ ಬಣ್ಣ ಎಷ್ಟು ಮುಖ್ಯವೆಂದು ಬಿಡಿಸಿ ಹೇಳಬೇಕಿಲ್ಲ. ಆಸ್ಪತ್ರೆಯ ಬಿಳಿ ಬೆಳಕಿನಡಿ ಹಲಸಿನ ಮರದ ಕೆತ್ತನೆ ಸತ್ತಂತೆ ಕಾಣುತ್ತದೆ. ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಅಳತೆಯಲ್ಲಿ ಪೆಟ್ಟಿಗೆಯ ಮೇಲೆ ಬರೆದಿರುತ್ತಾರೆ: 6500 ಎಂದರೆ ಬಿಳಿಗೆ ನೀಲಿ ಬೆರೆತದ್ದು, 2700 ಹಳೆಯ ಬಲ್ಬಿನ ಬಣ್ಣ, 2200 ದೀಪದ ಕುಡಿಗೆ ಹತ್ತಿರ. ಕಡಿಮೆ ಸಂಖ್ಯೆಯದಕ್ಕೆ ಇನ್ನೊಂದು ಲಾಭವಿದೆ. ನೀಲಿ ಕಡಿಮೆಯಾದಷ್ಟೂ ಹುಳಗಳ ಮುತ್ತಿಗೆ ಕಡಿಮೆ. ಮೊದಲ ಮಳೆಯ ಸಂಜೆ ರೆಕ್ಕೆಗೆದ್ದಲು ಎದ್ದಾಗ ಜಗಲಿಯಲ್ಲಿ ಊಟಕ್ಕೆ ಕೂತವರಿಗೆ ಇದರ ಬೆಲೆ ಗೊತ್ತು. ಓದಲು, ತರಕಾರಿ ಹೆಚ್ಚಲು ಮಾತ್ರ 2200 ಸಾಲದು.

ಎಚ್ಚರ ಬೇಕಾದ್ದು ಎರಡು ಬಲ್ಬುಗಳನ್ನು ಗುರುತಿಸುವಲ್ಲಿ. ಅದೇ ಆಕಾರದಲ್ಲಿ ನಿಜವಾದ ತಂತಿ ಸುತ್ತಿದ, 40 ವ್ಯಾಟಿನ ಬಲ್ಬುಗಳೂ ಮಾರಾಟಕ್ಕಿವೆ. ಅವು ತಿಂದ ವಿದ್ಯುತ್ತಿನ ಬಹುಪಾಲನ್ನು ಬಿಸಿಯಾಗಿಯೇ ಕಕ್ಕುತ್ತವೆ. ಹತ್ತು ಬಲ್ಬು ದಿನಕ್ಕೆ 5 ಗಂಟೆ ಉರಿದರೆ 2 ಯೂನಿಟ್. 4 ವ್ಯಾಟಿನ ಎಲ್‌ಇಡಿ ಕಡ್ಡಿ ಬಲ್ಬಾದರೆ ಯೂನಿಟ್ಟಿನ ಐದನೇ ಒಂದು ಭಾಗ. ಬಿದಿರಿನ ಬುಟ್ಟಿ, ಮಡಲಿನ ತಡಿಕೆ, ಕಾಗದದ ಗೂಡುದೀಪದೊಳಗೆ ತಂತಿಯ ಬಲ್ಬು ಹಾಕುವುದು ಬೆಂಕಿಯನ್ನು ಕರೆದಂತೆ. ಎಲ್‌ಇಡಿಯದು ಕೈಸುಡುವಷ್ಟು ಕಾಯುವುದಿಲ್ಲ. ಸಿಎಫ್‌ಎಲ್‌ನಲ್ಲಿದ್ದ ಪಾದರಸವೂ ಇದರಲ್ಲಿಲ್ಲ. ಹೀಲಿಯಂ ಉರಿಯುವ ಅನಿಲವಲ್ಲ, ವಿಷವೂ ಅಲ್ಲ.

ಹಾಗೆಂದು ಒಡೆದ ಬಲ್ಬಿಗೆ ಕೈ ಹಾಕಬೇಡಿ. ಒಂದು ಕಡ್ಡಿಗೆ ಸುಮಾರು 70ರಿಂದ 80 ವೋಲ್ಟ್ ಬೇಕು. ನಾಲ್ಕನ್ನು ಸಾಲಾಗಿ ಜೋಡಿಸಿದರೆ 300ರ ಹತ್ತಿರ. ನಮ್ಮ ಮನೆಯ 230 ವೋಲ್ಟನ್ನು ಏಕಮುಖ ವಿದ್ಯುತ್ತಾಗಿ ಬದಲಿಸಿದರೆ ಸಿಗುವುದೂ ಅಷ್ಟೇ. ವೋಲ್ಟೇಜನ್ನು ಅಷ್ಟಾಗಿ ಇಳಿಸುವ ಗೋಜಿಲ್ಲದ್ದರಿಂದಲೇ ಇಡೀ ಸರ್ಕ್ಯೂಟ್ ಹಿತ್ತಾಳೆಯ ಕ್ಯಾಪಿನೊಳಗೆ ಅಡಗಿ ಕೂರುತ್ತದೆ. ಎಂಜಿನಿಯರಿಗೆ ಇದು ಜಾಣತನ, ಬೆರಳಿಗೆ ಅಪಾಯ. ಗಾಜು ಒಡೆದಾಗ ಹೊರಬಿದ್ದ ಕಡ್ಡಿಗಳು ಜೀವಂತ ತಂತಿಗೆ ಸಮ. ಸ್ವಿಚ್ ಆರಿಸಿದರೆ ಸಾಲದು, ಮೇನ್ ಇಳಿಸಿಯೇ ಬಿಚ್ಚಬೇಕು. ಅದರಲ್ಲೂ ಹಳೆಯ ಮನೆಗಳ ವಯರಿಂಗಿನಲ್ಲಿ ಸ್ವಿಚ್ಚನ್ನು ಫೇಸಿನ ಬದಲು ನ್ಯೂಟ್ರಲ್ಲಿಗೆ ಕೊಟ್ಟಿರುವುದುಂಟು. ಅಲ್ಲಿ ಬಲ್ಬು ಆರಿದ್ದರೂ ಹೋಲ್ಡರಿನಲ್ಲಿ ಕರೆಂಟು ಇರುತ್ತದೆ. ಆರಿಸಿದ ಮೇಲೂ ಕಡ್ಡಿಗಳು ಮಂದವಾಗಿ ಮಿನುಗುತ್ತಿದ್ದರೆ ದೆವ್ವವಲ್ಲ. ಇಂಥ ವಯರಿಂಗೋ, ಸ್ವಿಚ್ಚಿನ ಪುಟ್ಟ ನಿಯಾನ್ ದೀಪದ ಮೂಲಕ ಹರಿಯುವ ಅಲ್ಪ ಕರೆಂಟೋ ಕಾರಣ.

ಕ್ಯಾಪು ಚಿಕ್ಕದಾದ್ದರಿಂದ ವಿದ್ಯುತ್ತಿನ ಏರಿಳಿತವನ್ನು ಸಮಗೊಳಿಸುವ ಒಳ್ಳೆಯ ಕೆಪ್ಯಾಸಿಟರಿಗೆ ಜಾಗ ಸಾಲುವುದಿಲ್ಲ. ಹೀಗಾಗಿ ಅಗ್ಗದ ಬಲ್ಬುಗಳು ಸೆಕೆಂಡಿಗೆ 100 ಸಲ ಮಿಡಿಯುತ್ತವೆ. ಕಣ್ಣಿಗೆ ಕಾಣದಿದ್ದರೂ ಕೆಲವರಿಗೆ ತಲೆನೋವು ತರುತ್ತದೆ. ಮೊಬೈಲ್ ಕ್ಯಾಮೆರಾವನ್ನು ಸ್ಲೋ ಮೋಷನ್ನಿನಲ್ಲಿಟ್ಟು ಬಲ್ಬಿಗೆ ಹಿಡಿದರೆ ಬಣ್ಣ ಬಯಲಾಗುತ್ತದೆ. ಅಂಗಡಿಯಲ್ಲೇ ಹಚ್ಚಿಸಿ ನೋಡಬಹುದು, ಸಂಕೋಚ ಬೇಡ. ಸಿಡಿಲಿನ ಹೊಡೆತ ತಡೆಯುವ ಬಿಡಿಭಾಗಕ್ಕೂ ಅಲ್ಲಿ ಜಾಗ ಕಡಿಮೆ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ, ದಸರಾ ನಂತರದ ಸಿಡಿಲಿಗೆ ಮೊದಲು ಬಲಿಯಾಗುವುದು ಇಂಥ ಬಲ್ಬುಗಳೇ. ಪೆಟ್ಟಿಗೆಯಲ್ಲಿ ಬರೆದ 15,000 ಗಂಟೆಯ ಆಯುಷ್ಯವನ್ನು ನಮ್ಮ ಊರಿಗೆ ಹಾಗೆಯೇ ನಂಬಲಾಗದು.

ನನ್ನ ಮಟ್ಟಿಗೆ ಬಲ್ಬಿಗಿಂತ ಹೆಚ್ಚು ಭಯ ಹುಟ್ಟಿಸುವುದು ಅದನ್ನು ತೂಗುಹಾಕಿದ ರೀತಿ. ಮದುವೆ ಚಪ್ಪರದ ಹೊರಗೆ, ಕಡಲತೀರದ ತೆಂಗಿನ ಮರಗಳ ನಡುವೆ ಸಾಲು ಬಲ್ಬು ಎಳೆದು, ವಯರಿನ ಗಂಟುಗಳಿಗೆ ಟೇಪು ಸುತ್ತಿ ಬಿಟ್ಟಿರುತ್ತಾರೆ. ಕಾಪುವಿನ ಉಪ್ಪುಗಾಳಿ ಹಿತ್ತಾಳೆಗೆ ಹಸಿರು ಕಿಲುಬು ಹಿಡಿಸಲು ಒಂದು ಮಳೆಗಾಲ ಸಾಕು. ಕಿಲುಬು ಹಿಡಿದ ಹೋಲ್ಡರಿನಲ್ಲಿ ಸಂಪರ್ಕ ಸಡಿಲವಾಗಿ ಕಿಡಿ ಹಾರುತ್ತದೆ, ನೀರಿಳಿದರೆ ಶಾಕ್ ಹೊಡೆಯುತ್ತದೆ. ಹೊರಗೆ ಹಾಕುವುದಿದ್ದರೆ ನೀರಿಳಿಯದ ಹೋಲ್ಡರ್ ಇರುವ ಸೆಟ್ಟನ್ನೇ ಕೊಳ್ಳಿ, ಆ ಲೈನಿಗೆ ಕರೆಂಟು ಸೋರಿದೊಡನೆ ಕಡಿದುಹಾಕುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಬಲ್ಬಿನ ಪೆಟ್ಟಿಗೆಯ ಮೇಲೆ ಐಎಸ್ 16102 ಎಂಬ ಸಂಖ್ಯೆ, ‘ಆರ್’ ಅಕ್ಷರದಿಂದ ಶುರುವಾಗುವ ಬಿಐಎಸ್ ನೋಂದಣಿ ಸಂಖ್ಯೆ ಎರಡೂ ಇರಬೇಕು. ಇಲ್ಲದಿದ್ದರೆ ಎಷ್ಟೇ ಚಂದವಿರಲಿ, ಎಷ್ಟೇ ಅಗ್ಗವಿರಲಿ, ಅಂಗಡಿಯವರಿಗೇ ವಾಪಸ್ ಕೊಡಿ.