ಸಿನಿಮಾ ಹೀರೋ ಹಾಗೆ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಳ್ಳಬಹುದೇ? ‘ಹಿತವಾದ’ ಹೋಲ್‌ಸ್ಟರ್ ಎಂದರೆ ಯಾವುದು?

ಈ ದೃಶ್ಯವನ್ನು ನೀವು ಎಷ್ಟು ಸಲ ನೋಡಿದ್ದೀರೋ ಲೆಕ್ಕವಿಲ್ಲ. ಹೀರೋ ಅಂಗಿಯ ಹಿಂಬದಿ ಎತ್ತುತ್ತಾನೆ, ಪ್ಯಾಂಟಿನಿಂದ ಪಿಸ್ತೂಲು ಎಳೆಯುತ್ತಾನೆ, ನಾಲ್ಕು ಜನರನ್ನು ಉರುಳಿಸಿ ಅದನ್ನು ಮತ್ತೆ ಅಲ್ಲೇ ಸಿಕ್ಕಿಸಿಕೊಂಡು ನಡೆದುಬಿಡುತ್ತಾನೆ. ರೀಲ್ಸ್‌ನಲ್ಲಿ, ಸ್ಟೇಟಸ್‌ನಲ್ಲಿ ಈ ತುಣುಕುಗಳು ಸುತ್ತುತ್ತಲೇ ಇರುತ್ತವೆ. ಅದರ ಜೊತೆಗೆ ಅಮೆರಿಕದ ಜಾಹೀರಾತು ವಿಡಿಯೊಗಳೂ ಬರುತ್ತವೆ. ಮೆತ್ತನೆಯ ಬಟ್ಟೆಯ ಚೀಲವೊಂದನ್ನು ತೋರಿಸಿ, ಇದನ್ನು ಹಾಕಿಕೊಂಡರೆ ಪಿಸ್ತೂಲು ಇದೆಯೆನ್ನುವುದೇ ನೆನಪಾಗುವುದಿಲ್ಲ ಎಂದು ಹೇಳುತ್ತವೆ.

ಎರಡನ್ನೂ ನಂಬುವುದು ಅಪಾಯ. ಏಕೆ ಎಂದು ನೋಡೋಣ.

ಮೊದಲು ಸ್ವಲ್ಪ ಹಿನ್ನೆಲೆ. ಅಮೆರಿಕದಲ್ಲಿ ಸಾಮಾನ್ಯ ನಾಗರಿಕರು ಬಟ್ಟೆಯೊಳಗೆ ಪಿಸ್ತೂಲು ಮರೆಸಿಟ್ಟುಕೊಂಡು ಓಡಾಡುವುದು ಬಹಳ ಕಡೆ ಕಾನೂನುಬದ್ಧ. 2024ರ ವೇಳೆಗೆ 29 ರಾಜ್ಯಗಳಲ್ಲಿ ಇದಕ್ಕೆ ಪ್ರತ್ಯೇಕ ಪರವಾನಗಿಯೂ ಬೇಕಿರಲಿಲ್ಲ. ಆದ್ದರಿಂದ ಅಲ್ಲಿ ಹೋಲ್‌ಸ್ಟರ್, ಅಂದರೆ ಪಿಸ್ತೂಲಿನ ಒರೆ, ದೊಡ್ಡ ಮಾರುಕಟ್ಟೆಯ ವಸ್ತು. ಪ್ಯಾಂಟಿಗೂ ಮೈಗೂ ನಡುವೆ ಇಳಿಸಿ, ಬೆಲ್ಟಿಗೆ ಕ್ಲಿಪ್ ಹಾಕುವ ಒಳಸೊಂಟದ ಹೋಲ್‌ಸ್ಟರ್‌ಗೆ ಬೇಡಿಕೆ ಹೆಚ್ಚು. ಅದನ್ನು ಕೊಳ್ಳುವವರ ಮೊದಲ ದೂರು ಒಂದೇ: ಚುಚ್ಚುತ್ತದೆ, ಒತ್ತುತ್ತದೆ, ಕೂರಲು ಆಗುವುದಿಲ್ಲ.

ಈ ದೂರನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಒತ್ತುವ ಹೋಲ್‌ಸ್ಟರ್ ನಾಲ್ಕು ದಿನದಲ್ಲಿ ಕಪಾಟು ಸೇರುತ್ತದೆ. ಆಮೇಲೆ ಮನುಷ್ಯ ಸಿನಿಮಾ ದಾರಿ ಹಿಡಿಯುತ್ತಾನೆ.

ಒರೆ ಇಲ್ಲದೆ ಸಿಕ್ಕಿಸಿಕೊಂಡರೆ ಏನಾಗುತ್ತದೆ?

ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ ಪ್ಲ್ಯಾಕ್ಸಿಕೊ ಬರೆಸ್. ಅಮೆರಿಕನ್ ಫುಟ್‌ಬಾಲ್ ಆಟಗಾರ, ನ್ಯೂಯಾರ್ಕ್ ಜೈಂಟ್ಸ್ ತಂಡದವನು. 2008ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಫೈನಲ್‌ನಲ್ಲಿ ಗೆಲುವಿನ ಅಂಕ ತಂದವನು ಇವನೇ. ಅದೇ ವರ್ಷ ನವೆಂಬರ್ 28ರ ರಾತ್ರಿ ಮ್ಯಾನ್‌ಹಟನ್‌ನ ನೈಟ್‌ಕ್ಲಬ್ ಒಂದರಲ್ಲಿ, ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಗ್ಲಾಕ್ ಪಿಸ್ತೂಲು ಪ್ಯಾಂಟಿನೊಳಗೆ ಜಾರಿತು. ಗುಂಡು ಹಾರಿ ಅವನದೇ ಬಲತೊಡೆಯನ್ನು ತೂರಿತು. ಪ್ರಾಣಕ್ಕೆ ಏನೂ ಆಗಲಿಲ್ಲ. ಆದರೆ ನ್ಯೂಯಾರ್ಕ್‌ನಲ್ಲಿ ಅವನಿಗೆ ಪರವಾನಗಿ ಇರಲಿಲ್ಲ, ಎರಡು ವರ್ಷದ ಸೆರೆವಾಸ ಬಿತ್ತು.

ಇದಕ್ಕೆ ದುರದೃಷ್ಟಕ್ಕಿಂತ ಹೆಚ್ಚಾಗಿ ಯಂತ್ರದ ರಚನೆಯೇ ಕಾರಣ. ಗ್ಲಾಕ್ ಮಾದರಿಯ ಬಹುತೇಕ ಪಿಸ್ತೂಲುಗಳಲ್ಲಿ ಬೆರಳಿನಿಂದ ಸರಿಸುವ ಸೇಫ್ಟಿ ಗುಂಡಿ ಇರುವುದಿಲ್ಲ. ಸುರಕ್ಷತೆಯ ವ್ಯವಸ್ಥೆ ಒಳಗೇ ಇದೆ: ಕೆಳಗೆ ಬಿದ್ದರೆ ಗುಂಡು ಹಾರುವುದಿಲ್ಲ, ಟ್ರಿಗರ್ ಒತ್ತಿದರೆ ಮಾತ್ರ ಹಾರುತ್ತದೆ. ಒತ್ತಿದ್ದು ಬೆರಳೋ, ಅಂಗಿಯ ಅಂಚೋ, ಜಾಕೆಟ್ಟಿನ ದಾರವೋ ಎಂದು ಪಿಸ್ತೂಲಿಗೆ ಗೊತ್ತಾಗುವುದಿಲ್ಲ. ಜಾರುವ ಪಿಸ್ತೂಲನ್ನು ಗಬಕ್ಕನೆ ಹಿಡಿಯಲು ಹೋದಾಗ ಬೆರಳು ಹೋಗಿ ಕೂರುವುದು ಹೆಚ್ಚಾಗಿ ಟ್ರಿಗರ್ ಮೇಲೆಯೇ. ಅದಕ್ಕೇ ತರಬೇತುದಾರರು, ಜಾರಿದರೆ ಬೀಳಲು ಬಿಡಿ, ಹಿಡಿಯಲು ಹೋಗಬೇಡಿ ಎನ್ನುತ್ತಾರೆ.

ನಮ್ಮಲ್ಲೂ ಇಂಥ ಸುದ್ದಿ ಬಂದಿತ್ತು. 2024ರ ಅಕ್ಟೋಬರ್ 1ರಂದು ಮುಂಬೈನಲ್ಲಿ ನಟ ಗೋವಿಂದ ಅವರ ಕಾಲಿಗೆ ತಮ್ಮದೇ ಪರವಾನಗಿಯ ರಿವಾಲ್ವರ್‌ನಿಂದ ಗುಂಡು ತಗುಲಿತು. ಅದು ಸೊಂಟದಲ್ಲಿ ಇಟ್ಟುಕೊಂಡು ಆದದ್ದಲ್ಲ, ಮನೆಯಲ್ಲಿ ಕೈಜಾರಿ ಆದದ್ದು. ಪಾಠ ಮಾತ್ರ ಹತ್ತಿರದ್ದೇ. ಕೊಡಗಿನವರು ಪೀಚೆಕತ್ತಿಯನ್ನು ಒರೆಯಿಲ್ಲದೆ ಚೇಲೆಗೆ ಸಿಕ್ಕಿಸಿದ್ದನ್ನು ಯಾರಾದರೂ ನೋಡಿದ್ದೀರಾ? ಕತ್ತಿಗೆ ಇರುವ ಮರ್ಯಾದೆ ಪಿಸ್ತೂಲಿಗೂ ಬೇಕಲ್ಲವೇ!

ಹಾಗಾಗಿ ಹೋಲ್‌ಸ್ಟರ್‌ನ ಮೊದಲ ಕೆಲಸ ಟ್ರಿಗರ್ ಇರುವ ಬಳೆಯನ್ನು ಪೂರ್ತಿ ಮುಚ್ಚುವುದು. ಹೊರಗಿನಿಂದ ಒತ್ತಿದರೂ ಒಳಗೆ ಏನೂ ತಾಗದಷ್ಟು ಗಟ್ಟಿಯಾಗಿರಬೇಕು. ಹಿತದ ಮಾತು ಇದಾದ ಮೇಲೆ.

ಮೆತ್ತಗಿದ್ದರೆ ಹಿತ ಅಲ್ಲವೇ?

ಅಂಗಡಿಯಲ್ಲಿ ಹಾಕಿ ನೋಡಿದ ಐದು ನಿಮಿಷಕ್ಕೆ, ಹೌದು. ಬಟ್ಟೆಯ ಅಥವಾ ತೆಳು ಚರ್ಮದ ಚೀಲ ಮೈಗೆ ಒಗ್ಗಿಕೊಳ್ಳುತ್ತದೆ. ತೊಂದರೆ ಇರುವುದೂ ಅಲ್ಲೇ. ಪಿಸ್ತೂಲು ಹೊರಗೆ ತೆಗೆದ ಕ್ಷಣ ಚೀಲದ ಬಾಯಿ ಮುಚ್ಚಿಕೊಳ್ಳುತ್ತದೆ. ಮತ್ತೆ ಇಡಲು ಎರಡು ಕೈ ಬೇಕು, ಅಥವಾ ಪಿಸ್ತೂಲಿನ ನಳಿಗೆಯಿಂದಲೇ ಬಾಯಿ ಬಿಡಿಸಬೇಕು. ಆಗ ನಳಿಗೆ ನಿಮ್ಮ ಹೊಟ್ಟೆಯ ಕಡೆಗೋ ತೊಡೆಯ ಕಡೆಗೋ ತಿರುಗಿರುತ್ತದೆ. ಹಳತಾಗಿ ಮಡಚಿಕೊಂಡ ಚರ್ಮ ಟ್ರಿಗರ್ ಬಳೆಯೊಳಗೆ ನುಗ್ಗಿದರೆ, ಪಿಸ್ತೂಲು ಒಳಗೆ ತಳ್ಳಿದಂತೆ ಚರ್ಮವೇ ಬೆರಳಿನ ಕೆಲಸ ಮಾಡುತ್ತದೆ.

ಅದಕ್ಕೇ ಈಗ ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್ ಹಾಳೆಯ ಹೋಲ್‌ಸ್ಟರ್‌ಗಳು ಹೆಚ್ಚು. ಹಾಳೆಯನ್ನು ಬಿಸಿ ಮಾಡಿ ಒಂದು ನಿರ್ದಿಷ್ಟ ಪಿಸ್ತೂಲಿನ ಅಚ್ಚಿಗೆ ಒತ್ತಿ ತಯಾರಿಸುತ್ತಾರೆ. ಒಂದು ಮಾದರಿಗೆ ಮಾಡಿದ್ದು ಇನ್ನೊಂದಕ್ಕೆ ಹೊಂದುವುದಿಲ್ಲ. ‘ಎಲ್ಲ ಪಿಸ್ತೂಲಿಗೂ ಆಗುತ್ತದೆ’ ಎಂದು ಮಾರುವ ಚೀಲಗಳನ್ನು ದೂರ ಇಡಲು ಇದೊಂದೇ ಕಾರಣ ಸಾಕು. ಗಟ್ಟಿ ಚರ್ಮದ, ಬಾಯಿಗೆ ಲೋಹದ ಪಟ್ಟಿ ಕೊಟ್ಟ ಒಳ್ಳೆಯ ಹೋಲ್‌ಸ್ಟರ್‌ಗಳೂ ಇವೆ. ಆದರೆ ಬೆವರು, ಮಳೆಗೆ ಚರ್ಮ ಮೆತ್ತಗಾಗುತ್ತದೆ, ಆಗಾಗ ನೋಡಿಕೊಳ್ಳಬೇಕು.

ಹಾಗಾದರೆ ಒತ್ತುವುದು ಏಕೆ?

ಗ್ಲಾಕ್ 19 ಎಂಬ ಸಾಮಾನ್ಯ ಮಾದರಿ ಗುಂಡು ತುಂಬಿದಾಗ ಸುಮಾರು 850 ಗ್ರಾಂ ತೂಗುತ್ತದೆ. ಒಂದು ಲೀಟರ್ ಹಾಲಿನ ಪ್ಯಾಕೆಟ್‌ಗಿಂತ ಕಡಿಮೆ. ಇಷ್ಟು ತೂಕ ಸೊಂಟಕ್ಕೆ ಹೊರೆಯೇ? ತೂಕ ಎಷ್ಟು ಅನ್ನುವುದಕ್ಕಿಂತ ಎಷ್ಟು ಜಾಗದ ಮೇಲೆ ಕೂತಿದೆ ಅನ್ನುವುದು ಮುಖ್ಯ. ಮಾರ್ಕೆಟ್‌ನಿಂದ ತರಕಾರಿ ತರುವಾಗ ತೆಳು ಪ್ಲಾಸ್ಟಿಕ್ ಕವರಿನ ಹಿಡಿ ಬೆರಳು ಕೊಯ್ಯುತ್ತದೆ, ಅದೇ ತರಕಾರಿ ಅಗಲ ಪಟ್ಟಿಯ ಬಟ್ಟೆ ಚೀಲದಲ್ಲಿ ನೋಯಿಸುವುದಿಲ್ಲ. ಹೋಲ್‌ಸ್ಟರ್‌ಗೂ ಇದೇ ಲೆಕ್ಕ.

ಇದರಿಂದ ಮೊದಲ ಬಾರಿ ಕೇಳಿದವರಿಗೆ ವಿಚಿತ್ರ ಅನ್ನಿಸುವ ಮಾತೊಂದು ಹೊರಡುತ್ತದೆ: ಚಿಕ್ಕ ಹೋಲ್‌ಸ್ಟರ್ ಹೆಚ್ಚು ಹಿತ ಎನ್ನುವುದು ಎಷ್ಟೋ ಸಲ ಸುಳ್ಳು. ತೀರಾ ಗಿಡ್ಡ ಹೋಲ್‌ಸ್ಟರ್‌ನಲ್ಲಿ ಬೆಲ್ಟಿನ ಮೇಲಿರುವ ಹಿಡಿಯ ಭಾರ ಹೆಚ್ಚು, ಕೆಳಗೆ ಆಸರೆ ಕಡಿಮೆ. ಹಿಡಿ ಹೊರಕ್ಕೆ ವಾಲುತ್ತದೆ, ಕೆಳತುದಿ ಮೈಗೆ ಚುಚ್ಚುತ್ತದೆ. ಒಂದೆರಡು ಅಂಗುಲ ಉದ್ದ ಇದ್ದರೆ ಕೆಳಭಾಗ ತೊಡೆಸಂದಿಗೆ ಮೆಲ್ಲಗೆ ಒರಗಿ ಎಲ್ಲವನ್ನೂ ನೇರ ನಿಲ್ಲಿಸುತ್ತದೆ. ಕೆಳತುದಿಗೆ ಮೈಕಡೆ ಚಿಕ್ಕ ಮೆತ್ತೆ ಅಂಟಿಸಿಕೊಂಡರೂ ಚುಚ್ಚುವುದು ತಗ್ಗುತ್ತದೆ. ಅಂಚುಗಳನ್ನು ಉಜ್ಜಿ ದುಂಡಗೆ ಮಾಡಿದ್ದಾರೆಯೇ ಎಂದು ಬೆರಳಾಡಿಸಿ ನೋಡಬೇಕು. ಪಿಸ್ತೂಲಿಗೂ ಚರ್ಮಕ್ಕೂ ನಡುವೆ ಮೇಲಕ್ಕೆ ಚಾಚಿದ ಗೋಡೆಯಿದ್ದರೆ ಬೆವರು ಲೋಹಕ್ಕೆ ಹತ್ತುವುದಿಲ್ಲ, ಲೋಹ ಹೊಟ್ಟೆಗೆ ಉಜ್ಜುವುದಿಲ್ಲ.

ಬೆಲ್ಟ್ ವಿಷಯವನ್ನು ಬಹಳ ಜನ ಮರೆಯುತ್ತಾರೆ. ನೂರು ಡಾಲರಿನ ಹೋಲ್‌ಸ್ಟರ್ ಕೊಂಡು ಮೆತ್ತನೆಯ ಹಳೇ ಬೆಲ್ಟಿಗೆ ನೇತುಹಾಕಿದರೆ ಅದು ಜೋಲುತ್ತದೆ. ಜೋಲಬಾರದೆಂದು ಬೆಲ್ಟ್ ಬಿಗಿಯುತ್ತಾರೆ, ಆಗ ಒತ್ತುತ್ತದೆ. ತಿರುಚಿದರೆ ಸುಲಭಕ್ಕೆ ಬಗ್ಗದ ಬೆಲ್ಟ್, ಎಂದಿಗಿಂತ ಒಂದೆರಡು ಅಂಗುಲ ದೊಡ್ಡ ಸೊಂಟದ ಪ್ಯಾಂಟು: ಅರ್ಧ ದೂರುಗಳು ಇಷ್ಟಕ್ಕೇ ಮುಗಿಯುತ್ತವೆ.

ತೊಡೆ ಜೋಮು ಹಿಡಿದರೆ ಎಚ್ಚರ

ಬಿಗಿ ಬೆಲ್ಟಿನ ಬಗ್ಗೆ ವೈದ್ಯರು ಹೇಳುವ ಒಂದು ಸಂಗತಿ, ಪಿಸ್ತೂಲಿಗೂ ನಿಮಗೂ ಸಂಬಂಧವೇ ಇಲ್ಲದಿದ್ದರೂ ತಿಳಿದಿರಲಿ. ಸೊಂಟದ ಎರಡೂ ಬದಿ ಮುಂಭಾಗದಲ್ಲಿ ಕೈಗೆ ಸಿಗುವ ಮೂಳೆಯ ತುದಿ ಇದೆಯಲ್ಲ, ಅದರ ಪಕ್ಕದಲ್ಲೇ ಒಂದು ನರ ತೊಡೆಗೆ ಇಳಿಯುತ್ತದೆ. ತೊಡೆಯ ಹೊರಬದಿಯ ಚರ್ಮಕ್ಕೆ ಸ್ಪರ್ಶ ಕೊಡುವುದು ಈ ನರ. ಅಲ್ಲಿ ಒತ್ತಡ ಬಿದ್ದರೆ ಹೊರತೊಡೆಯಲ್ಲಿ ಜೋಮು, ಉರಿ, ಸೂಜಿ ಚುಚ್ಚಿದ ಅನುಭವ. ಇದಕ್ಕೆ ಮೆರಾಲ್ಜಿಯಾ ಪ್ಯಾರೆಸ್ಥೆಟಿಕಾ ಎಂದು ಹೆಸರು. 19ನೇ ಶತಮಾನದ ಕೊನೆಯಲ್ಲಿ ವೈದ್ಯರು ಇದನ್ನು ಗುರುತಿಸಿದರು. ಸಿಗ್ಮಂಡ್ ಫ್ರಾಯ್ಡ್‌ಗೂ ಇದು ಇತ್ತು, 1895ರಲ್ಲಿ ಅದರ ಬಗ್ಗೆ ಬರೆದಿದ್ದಾರೆ.

ಬಿಗಿ ಜೀನ್ಸ್, ಭಾರದ ಪೊಲೀಸ್ ಬೆಲ್ಟ್, ಬೊಜ್ಜು, ಗರ್ಭಧಾರಣೆ ಇವೆಲ್ಲ ಕಾರಣ ಆಗಬಲ್ಲವು. ಮಧುಮೇಹ ಇರುವವರಲ್ಲಿ ಸಾಧ್ಯತೆ ಹೆಚ್ಚು. ಹೋಲ್‌ಸ್ಟರ್ ಸರಿಯಾಗಿ ಆ ಮೂಳೆಯ ಮೇಲೆಯೇ ಕೂತರೆ ಅದೂ ಒಂದು ಕಾರಣ. ಒತ್ತಡ ತೆಗೆದರೆ ಹೆಚ್ಚಿನವರಿಗೆ ತಾನಾಗಿ ವಾಸಿಯಾಗುತ್ತದೆ. ಈ ನರಕ್ಕೆ ಸ್ನಾಯು ಆಡಿಸುವ ಕೆಲಸ ಇಲ್ಲ. ಆದ್ದರಿಂದ ಜೋಮಿನ ಜೊತೆ ಕಾಲಿನ ಶಕ್ತಿಯೂ ಕುಂದಿದರೆ ಕಾರಣ ಬೇರೆ ಇರುತ್ತದೆ, ಬೆಲ್ಟ್ ಸಡಿಲಿಸಿ ಸುಮ್ಮನಿರದೆ ವೈದ್ಯರನ್ನು ಕಾಣಬೇಕು.

ಎಲ್ಲಿ ಕಟ್ಟಿಕೊಳ್ಳುವುದು?

ಅಮೆರಿಕದವರು ಸೊಂಟವನ್ನು ಗಡಿಯಾರದಂತೆ ನೋಡುತ್ತಾರೆ. ಹೊಕ್ಕುಳು 12 ಗಂಟೆ, ಬಲಪಕ್ಕೆ 3, ಬೆನ್ನುಹುರಿ 6. ಬಲಗೈಯವರಿಗೆ 3ರಿಂದ 4 ಗಂಟೆಯ ಜಾಗ ಕೂತಾಗ ಅಷ್ಟಾಗಿ ಅಡ್ಡಿಯಾಗದು, ಆದರೆ ಬಗ್ಗಿದಾಗ ಅಂಗಿ ಎದ್ದು ಹಿಡಿ ಕಾಣುತ್ತದೆ. 1 ಗಂಟೆಯ ಜಾಗ, ಅಂದರೆ ಹೊಟ್ಟೆಯ ಬಲಮುಂಭಾಗ, ಚೆನ್ನಾಗಿ ಮರೆಯಾಗುತ್ತದೆ, ಕೈಗೂ ಬೇಗ ಸಿಗುತ್ತದೆ. ಆದರೆ ಕೂತಾಗ ನಳಿಗೆ ತೊಡೆಸಂದಿಯತ್ತ ಮುಖ ಮಾಡಿರುತ್ತದೆ. ಅಲ್ಲಿ ಹರಿಯುವುದು ಕಾಲಿನ ದೊಡ್ಡ ರಕ್ತನಾಳ. ಅದು ತುಂಡಾದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು. ಈ ಜಾಗ ಆರಿಸುವವರು ಪಿಸ್ತೂಲನ್ನು ಒಳಗಿಡುವಾಗ ಅಂಗಿಯನ್ನು ಪೂರ್ತಿ ಎತ್ತಿ, ಕಣ್ಣಿಂದ ನೋಡಿ, ನಿಧಾನವಾಗಿ ಇಡಬೇಕು. ಹೋಲ್‌ಸ್ಟರನ್ನು ಹೊರತೆಗೆದು, ಪಿಸ್ತೂಲು ಅದರಲ್ಲಿಟ್ಟು, ಎರಡನ್ನೂ ಒಟ್ಟಿಗೆ ಸೊಂಟಕ್ಕೆ ಹಾಕಿಕೊಳ್ಳುವುದು ಇನ್ನೂ ಒಳ್ಳೆಯದು.

ಹೀರೋಗಳ ಮೆಚ್ಚಿನ 6 ಗಂಟೆಯ ಜಾಗವೇ ಎಲ್ಲಕ್ಕಿಂತ ಕೆಟ್ಟದ್ದು ಎಂಬುದು ನನ್ನ ಅಭಿಪ್ರಾಯ. ಜಾರಿ ಅಂಗಾತ ಬಿದ್ದರೆ ಬೆನ್ನುಮೂಳೆಗೂ ನೆಲಕ್ಕೂ ನಡುವೆ ಕಬ್ಬಿಣದ ತುಂಡು!

ಕೊಳ್ಳುವ ಮೊದಲು ಪರೀಕ್ಷೆ ಮನೆಯಲ್ಲೇ ಆಗಬೇಕು. ಗುಂಡು ಪೂರ್ತಿ ತೆಗೆದು, ಚೇಂಬರ್ ಖಾಲಿ ಇದೆಯೆಂದು ಎರಡು ಸಲ ನೋಡಿ, ಪಿಸ್ತೂಲನ್ನು ಹೋಲ್‌ಸ್ಟರ್‌ನಲ್ಲಿಟ್ಟು ತಲೆಕೆಳಗೆ ಹಿಡಿದು ಅಲುಗಾಡಿಸಬೇಕು. ಬಿದ್ದರೆ ಅದು ಬೇಡ. ಆಮೇಲೆ ಹಾಗೇ ಕಟ್ಟಿಕೊಂಡು ಒಂದಿಡೀ ಸಂಜೆ ಕೂತು, ಕುಕ್ಕರಗಾಲಲ್ಲಿ ಇಳಿದು, ಕಾರಿನಲ್ಲಿ ಹೋಗಿ ಬಂದು ನೋಡಬೇಕು.

ಮರೆತೇಹೋಗುವಷ್ಟು ಹಿತ ಬೇಕೇ?

ಜಾಹೀರಾತಿನ ಮಾತಿಗೆ ಮರಳೋಣ. ಅಮೆರಿಕದ ವಿಮಾನ ನಿಲ್ದಾಣಗಳ ಭದ್ರತಾ ತಪಾಸಣೆಯಲ್ಲಿ 2023ರಲ್ಲಿ ಪ್ರಯಾಣಿಕರ ಬಳಿ ಸಿಕ್ಕ ಪಿಸ್ತೂಲು, ಬಂದೂಕುಗಳ ಸಂಖ್ಯೆ 6,737. ಅವುಗಳಲ್ಲಿ ಸುಮಾರು ಶೇ. 93ರಲ್ಲಿ ಗುಂಡು ತುಂಬಿತ್ತು. ಹೆಚ್ಚಾಗಿ ಕೊಡುವ ಕಾರಣ ‘ಇರುವುದೇ ಮರೆತಿತ್ತು’. ಮೈ ನೋಯಿಸದಿದ್ದರೆ ಸಾಕು, ಮನಸ್ಸಿನಿಂದ ಜಾರುವಷ್ಟು ಹಗುರಾಗುವುದು ಬೇಡ.

ಅಮೆರಿಕದಲ್ಲಿರುವ ನಮ್ಮವರು ಒಂದು ಗಮನಿಸಬೇಕು. ಎಚ್-1ಬಿ, ಎಫ್-1ರಂಥ ತಾತ್ಕಾಲಿಕ ವೀಸಾದವರು ಪಿಸ್ತೂಲನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವುದನ್ನು ಅಲ್ಲಿನ ಕೇಂದ್ರ ಕಾನೂನು ನಿಷೇಧಿಸುತ್ತದೆ. ಬೇಟೆ ಪರವಾನಗಿಯಂಥ ಕೆಲವೇ ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧ ಅನ್ವಯಿಸುವುದಿಲ್ಲ. ಹೋಲ್‌ಸ್ಟರ್ ಆರಿಸುವ ಮುಂಚೆ ಪಾಸ್‌ಪೋರ್ಟ್ ತೆರೆದು ವೀಸಾ ನೋಡಿಕೊಳ್ಳಿ.

ಭಾರತದಲ್ಲಿ ಪರವಾನಗಿ ಇಲ್ಲದೆ ಪಿಸ್ತೂಲು ಇಟ್ಟುಕೊಳ್ಳುವುದೇ ಅಪರಾಧ. ಪರವಾನಗಿ ಇದ್ದವರಿಗೂ 2016ರ ಶಸ್ತ್ರಾಸ್ತ್ರ ನಿಯಮಗಳು ಸ್ಪಷ್ಟವಾಗಿವೆ: ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲು ಹೋಲ್‌ಸ್ಟರ್‌ನಲ್ಲೋ ಅಂಥದ್ದೇ ಚೀಲದಲ್ಲೋ ಪೂರ್ತಿ ಮುಚ್ಚಿರಬೇಕು, ಹೊತ್ತವರ ಹತೋಟಿಯಲ್ಲಿರಬೇಕು, ಜನರ ನಡುವೆ ಝಳಪಿಸುವಂತಿಲ್ಲ. ಮದುವೆ ಮೆರವಣಿಗೆಯಲ್ಲಿ ಸೊಂಟದಿಂದ ಪಿಸ್ತೂಲು ಎಳೆದು ತೋರಿಸುವ ರೀಲ್ಸ್ ನಿಮ್ಮ ಗುಂಪಿಗೆ ಬಂದರೆ, ಅದು ಪೊಲೀಸರಿಗೆ ಕೈಯಾರೆ ಕೊಟ್ಟ ಸಾಕ್ಷಿ.