ಗಣಕಯಂತ್ರವೂ ಕರ್ತೃನಿರ್ಣಯವೂ

ಅಂಕಿತವಿಲ್ಲದ ಚಿತ್ರವನ್ನು ಯಾರು ರಚಿಸಿದರೆಂಬುದನ್ನು ನಿಶ್ಚಯಿಸುವ ಕಾರ್ಯದಲ್ಲಿ ಪಾಶ್ಚಾತ್ಯ ವಿದ್ವಾಂಸರು ಗಣಕಯಂತ್ರದ ಸಹಾಯವನ್ನು ಪಡೆಯುತ್ತಿರುವರು. ಈ ಕ್ರಮವು ಕರ್ಣಾಟಕದ ಶಿಲ್ಪಗಳಿಗೆ ಎಷ್ಟರಮಟ್ಟಿಗೆ ಅನ್ವಯಿಸುವುದೆಂಬುದು ವಿಚಾರಣೀಯವಾಗಿದೆ.

ಚಿತ್ರದ ಛಾಯಾಪ್ರತಿಯನ್ನು ಸೂಕ್ಷ್ಮ ಬಿಂದುಗಳನ್ನಾಗಿ ವಿಭಜಿಸಿ, ಒಂದೊಂದು ಬಿಂದುವಿನ ವರ್ಣಕಾಂತಿಗಳನ್ನು ಅಂಕೆಗಳಿಂದ ಸೂಚಿಸುವರು. ರೇಖೆಯ ದಿಕ್ಕು, ದಪ್ಪ, ಕುಂಚದ ಗತಿ ಮೊದಲಾದುವು ಇದರಿಂದ ಗಣಿತಕ್ಕೆ ಗೋಚರವಾಗುವುವು. ಬಳಿಕ ಕರ್ತೃವು ನಿಶ್ಚಿತನಾಗಿರುವ ಕೃತಿಗಳ ಲೆಕ್ಕದೊಡನೆ ಸಂದಿಗ್ಧ ಕೃತಿಯ ಲೆಕ್ಕವನ್ನು ಹೋಲಿಸುವರು. 2004ರಲ್ಲಿ ಅಮೆರಿಕದ ಡಾರ್ಟ್‌ಮತ್ ವಿದ್ಯಾಲಯದ ಲ್ಯು, ರಾಕ್‌ಮೋರ್, ಫರೀದ್ ಎಂಬವರು 16ನೆಯ ಶತಮಾನದ ಚಿತ್ರಕಾರನಾದ ಬ್ರೂಗಲ್‌ನ 8 ರೇಖಾಚಿತ್ರಗಳನ್ನು 5 ಅನುಕರಣಗಳಿಂದ ಹೀಗೆಯೇ ಬೇರ್ಪಡಿಸಿ ತೋರಿಸಿದರು.

ತತ್ತ್ವತಃ ಇದು ಅನುಮಾನಪ್ರಮಾಣವೇ. ಧೂಮಾಗ್ನಿಗಳ ವ್ಯಾಪ್ತಿಯು ಮೊದಲು ಪಾಕಶಾಲೆಯಲ್ಲಿ ಗೃಹೀತವಾಗಿ ಅನಂತರ ಪರ್ವತದಲ್ಲಿ ಉಪಯೋಗಕ್ಕೆ ಬರುವುದು. ಇಲ್ಲಿ ಅಂಕಿತವುಳ್ಳ ಕೃತಿಗಳೇ ಪಾಕಶಾಲೆ. ಹೇತುವು ದುಷ್ಟವಾದರೆ ಯಂತ್ರದ ನಿರ್ಣಯವೂ ದುಷ್ಟವಾಗುವುದು. 2023ರಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್ ಮತ್ತು ನಾಟಿಂಗ್‌ಹ್ಯಾಮ್ ವಿದ್ಯಾಲಯಗಳವರು, ವೃತ್ತಾಕಾರದ ಒಂದು ಚಿತ್ರದಲ್ಲಿರುವ ಮೇರಿಯ ಮುಖವು ರಾಫೆಲ್‌ನ ಪ್ರಸಿದ್ಧ ಚಿತ್ರದ ಮುಖಕ್ಕೆ ಶೇಕಡಾ 97ರಷ್ಟು ಸದೃಶವೆಂದು ಕಂಡು, ಅದು ರಾಫೆಲ್‌ಕೃತವೆಂದು ಅಭಿಪ್ರಾಯಪಟ್ಟರು. ಅದೇ ವರ್ಷ ಸ್ವಿಟ್ಜರ್ಲೆಂಡಿನ ಬೇರೊಂದು ಸಂಸ್ಥೆಯ ಯಂತ್ರವು ಅದು ಅವನದಲ್ಲವೆಂಬುದಕ್ಕೆ ಶೇಕಡಾ 85ರ ಸಂಭವವನ್ನು ಹೇಳಿತು. ಮುಖಸಾದೃಶ್ಯವು ಮೂಲಚಿತ್ರಗಳ ನಡುವೆ ಇರುವಂತೆಯೇ ಮೂಲಕ್ಕೂ ಅದರ ಪ್ರತಿಕೃತಿಗೂ ನಡುವೆ ಇರಬಲ್ಲುದಾದುದರಿಂದ, ಕೇವಲ ಅದನ್ನು ಹೇತುವಾಗಿ ಹಿಡಿದರೆ ಸವ್ಯಭಿಚಾರದೋಷವು ತಪ್ಪದು.

ಕರ್ಣಾಟಕದಲ್ಲಿ ಇಂತಹ ಪರೀಕ್ಷೆಗೆ ಉತ್ತಮವಾದ ಪಾಕಶಾಲೆಯು ಹೊಯ್ಸಳ ಶಿಲ್ಪಗಳಲ್ಲಿದೆ. ಮಲ್ಲಿತಮ್ಮನೆಂಬ ಶಿಲ್ಪಿಯ ಹೆಸರು 1196ರ ಅಮೃತಾಪುರದ ದೇವಾಲಯದಿಂದ 1258ರ ಸೋಮನಾಥಪುರದವರೆಗೆ ದೊರೆಯುವುದು. ಅರುವತ್ತೆರಡು ವರ್ಷಗಳ ಈ ಅಂತರದಲ್ಲಿ ಉಳಿಯನ್ನು ಹಿಡಿದವನು ಒಬ್ಬನೋ, ಸಮಾನನಾಮದ ಇಬ್ಬರೋ ಎಂಬ ಸಂಶಯವು ಸಹಜ. 1246ರ ನುಗ್ಗೇಹಳ್ಳಿಯ ಗುಡಿಯಲ್ಲಿಯಾದರೋ ಅವನೂ ಬೈಚೋಜನೂ ಕೂಡಿ ಕೆಲಸಮಾಡಿರುವರು. ಕಾಲ ಒಂದು, ಗುಡಿ ಒಂದು, ಕೈಗಳು ಬೇರೆ. ಯಂತ್ರವು ಮೊದಲು ಅಲ್ಲಿ ತನ್ನ ಸಾಮರ್ಥ್ಯವನ್ನು ತೋರಿಸತಕ್ಕುದು.

ಧಾರವಾಡ ಪ್ರಾಂತದ ಅಣ್ಣಿಗೇರಿಯ ಅಮೃತೇಶ್ವರ ದೇವಾಲಯವು 11ನೆಯ ಶತಮಾನದ ಚಾಳುಕ್ಯ ಕೃತಿ. ಅಲ್ಲಿಯ ಅಂಕಿತರಹಿತ ಮೂರ್ತಿಗಳಿಗೆ ಹೊಯ್ಸಳ ಶಿಲ್ಪಿಗಳ ಕೃತಿಗಳು ದೃಷ್ಟಾಂತವಾಗಲಾರವು. ಕಾಲವೂ ಸಂಪ್ರದಾಯವೂ ಬೇರೆ. ನಿಶ್ಚಿತವಾದ ಚಾಳುಕ್ಯ ದೃಷ್ಟಾಂತವಿಲ್ಲದೆ ಯಾವುದಾದರೊಂದು ಪ್ರಸಿದ್ಧ ನಾಮವನ್ನು ಅವುಗಳಿಗೆ ಅಂಟಿಸಿದರೆ, ಆ ತಪ್ಪು ಕಾಲಕ್ರಮದಲ್ಲಿ ಚರಿತ್ರೆಯೆನಿಸಿ, ನಿಜವಾಗಿ ಕಡೆದವನಿಗೆ ಎರಡನೆಯ ಸಲ ಅನ್ಯಾಯವಾಗುವುದು.

ಆದರೂ ಯಂತ್ರವು ಅಲ್ಲಿ ನಿಷ್ಪ್ರಯೋಜಕವಲ್ಲ. ಮೇಲೆ ಹೇಳಿದ ವಿದ್ವಾಂಸರೇ ಪೆರುಜೀನೋ ಎಂಬವನ ಚಿತ್ರವೊಂದರ ಆರು ಮುಖಗಳನ್ನು ಪರೀಕ್ಷಿಸಿ, ಕಡಮೆಯೆಂದರೆ ನಾಲ್ಕು ಕೈಗಳು ಅದರಲ್ಲಿರುವುವೆಂದು ಊಹಿಸಿದರು. ಹಾಗೆಯೇ ಅಣ್ಣಿಗೇರಿಯ ಭಿತ್ತಿಯಲ್ಲಿಯೂ ಕುಂದಗೋಳದ ಶಂಭುಲಿಂಗ ದೇವಾಲಯದಲ್ಲಿಯೂ ಯಾವ ಯಾವ ಮೂರ್ತಿಗಳು ಒಂದೇ ಕೈಯವೆಂಬುದನ್ನು ಹೆಸರಿಲ್ಲದೆಯೂ ವಿಂಗಡಿಸಬಹುದು. ಇದಕ್ಕೆ ಎಲ್ಲ ಮೂರ್ತಿಗಳ ಛಾಯಾಪ್ರತಿಗಳನ್ನೂ ಒಂದೇ ಬಗೆಯ ಬೆಳಕಿನಲ್ಲಿ, ಒಂದೇ ಅಂತರದಿಂದ ತೆಗೆಯುವುದು ಅವಶ್ಯ. ಇಲ್ಲವಾದರೆ ಬೆಳಕಿನ ಭೇದವನ್ನೇ ಯಂತ್ರವು ಕೈಯ ಭೇದವೆಂದು ಎಣಿಸೀತು. ಕಲ್ಲು ಸವೆಯುವುದಕ್ಕೆ ಮುಂಚೆ ಈ ಕೆಲಸವು ನಡೆಯಬೇಕು. ಕೈಗಳನ್ನು ಎಣಿಸುವುದು ಯಂತ್ರಕ್ಕೆ ಸಾಧ್ಯ. ಹೆಸರನ್ನು ಹೇಳಬೇಕಾದುದು ಶಾಸನವೇ.